ಮನೆಯ ಪ್ರತಿ ಕೋಣೆಗೂ ವೈ-ಫೈ ತಲುಪಿಸುವ ಬಗೆ

ಹಜಾರದಲ್ಲಿ ಚುರುಕಾಗಿರುವ ವೈ-ಫೈ ಮಲಗುವ ಕೋಣೆಯ ಬಾಗಿಲು ದಾಟಿದೊಡನೆ ಸೊರಗುತ್ತದೆ. ವಿಡಿಯೊ ಕರೆಯಲ್ಲಿ ಎದುರಿನವರ ಮುಖ ಚಿತ್ರದಂತೆ ನಿಂತುಬಿಡುತ್ತದೆ, ಮಾತು ತುಂಡುತುಂಡಾಗಿ ಕೇಳಿಸುತ್ತದೆ. ಹೀಗಾದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಇನ್ನೂ ನಾಲ್ಕು ಆಂಟೆನಾ ಹೆಚ್ಚಿಗೆ ಇರುವ ಹೊಸ ರೌಟರನ್ನು ಕೊಳ್ಳುವುದು. ಅದು ಕೊನೆಗೆ ಮಾಡಬೇಕಾದ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ. ಬಹಳಷ್ಟು ಮನೆಗಳಲ್ಲಿ ತೊಂದರೆ ಇರುವುದು ರೌಟರಿನ ಬಲದಲ್ಲಲ್ಲ, ಅದನ್ನು ಇಟ್ಟಿರುವ ಜಾಗದಲ್ಲಿ; ಜಾಗ ಬದಲಿಸಿಯೂ ಸಾಲದೆ ಹೋದರೆ, ನಿಸ್ತಂತು ಜಾಲದ ಕೊರತೆಯನ್ನು ಎಲ್ಲಕ್ಕಿಂತ ಚೆನ್ನಾಗಿ ನೀಗಿಸುವುದು ಒಂದು ತಂತಿಯೇ.

ಆದರೆ ಅದಕ್ಕೂ ಮೊದಲು ತೊಂದರೆ ನಿಜಕ್ಕೂ ವೈ-ಫೈಯದೇ ಎಂದು ತಿಳಿದುಕೊಳ್ಳಬೇಕು. ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ರೌಟರಿಗೆ ಜೋಡಿಸಿ ವೇಗವನ್ನು ಪರೀಕ್ಷಿಸಿ. ಕೇಬಲಿನಲ್ಲೂ ವೇಗ ಕಡಿಮೆಯೇ ಬಂದರೆ ದೋಷ ಹೊರಗಿನಿಂದ ಬರುವ ಸಂಪರ್ಕದ್ದು. ಅದನ್ನು ಸೇವೆ ಒದಗಿಸುವವರು ಸರಿಪಡಿಸಬೇಕೇ ಹೊರತು ಮನೆಯೊಳಗೆ ಏನು ಮಾಡಿದರೂ ಅದು ಸರಿಹೋಗದು. ಕೇಬಲಿನಲ್ಲಿ ವೇಗ ಸರಿಯಾಗಿದ್ದು, ರೌಟರಿನ ಪಕ್ಕದಲ್ಲಿ ವೈ-ಫೈಯೂ ಸರಿಯಾಗಿದ್ದು, ದೂರದ ಕೋಣೆಯಲ್ಲಿ ಮಾತ್ರ ಕುಸಿಯುತ್ತಿದ್ದರೆ ಮುಂದಿನದನ್ನು ಓದಿ.

ಅಳೆಯದೆ ಏನನ್ನೂ ಬದಲಿಸಬೇಡಿ

ಫೋನಿನ ಪರದೆಯ ಮೇಲೆ ಕಾಣುವ ಸಿಗ್ನಲಿನ ಗೀಟುಗಳನ್ನು ನಂಬಿ ನಿರ್ಧಾರ ಮಾಡುವಂತಿಲ್ಲ. ಎಷ್ಟು ಸಿಗ್ನಲಿಗೆ ಎಷ್ಟು ಗೀಟು ಎಂಬುದನ್ನು ಪ್ರತಿ ತಯಾರಕರೂ ತಮಗೆ ತೋಚಿದಂತೆ ಗೊತ್ತುಮಾಡಿರುತ್ತಾರೆ. ನಿಜವಾದ ಅಳತೆಯ ಮಾನ ಡಿಬಿಎಂ, ಅಂದರೆ ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಡೆಸಿಬಲ್ ಲೆಕ್ಕದಲ್ಲಿ ಹೇಳುವ ಸಿಗ್ನಲಿನ ಶಕ್ತಿ. ಇದರ ಸಂಖ್ಯೆಗಳು ಋಣಾತ್ಮಕವಾಗಿರುತ್ತವೆ ಮತ್ತು ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲವಾಗಿದೆ ಎಂದರ್ಥ. ರೌಟರಿನ ಮಗ್ಗುಲಲ್ಲೇ ನಿಂತರೆ −30ರ ಆಸುಪಾಸು ಕಾಣುತ್ತದೆ; −50ರಿಂದ −60ರವರೆಗೆ ಬಹಳ ಚೆನ್ನಾಗಿದೆ; ವಿಡಿಯೊ ಕರೆ ತಡೆಯಿಲ್ಲದೆ ನಡೆಯಬೇಕಾದರೆ −67ಕ್ಕಿಂತ ಕೆಳಗೆ ಇಳಿಯಬಾರದು; −70 ದಾಟಿದರೆ ಪರದಾಟ ಶುರುವಾಗುತ್ತದೆ; −80ರಲ್ಲಿ ಜಾಲದ ಹೆಸರು ಪಟ್ಟಿಯಲ್ಲಿ ಕಾಣಿಸಿದರೂ ಕೆಲಸವೇನೂ ಆಗುವುದಿಲ್ಲ.

ಇದು ಸಾಮಾನ್ಯ ಎಣಿಕೆಯ ಅಳತೆಯಲ್ಲ ಎಂಬುದು ನೆನಪಿರಲಿ. 3 ಡೆಸಿಬಲ್ ಇಳಿದರೆ ಶಕ್ತಿ ಅರ್ಧವಾಗುತ್ತದೆ, 10 ಇಳಿದರೆ ಹತ್ತರಲ್ಲಿ ಒಂದು ಪಾಲಾಗುತ್ತದೆ. ಆದ್ದರಿಂದ −60 ಮತ್ತು −70ರ ನಡುವಿನ ವ್ಯತ್ಯಾಸ ನೋಡಲು ಚಿಕ್ಕದಾದರೂ ನಿಜದಲ್ಲಿ ಬಹಳ ದೊಡ್ಡದು.

ಆಂಡ್ರಾಯ್ಡ್ ಫೋನಿಗೆ ಈ ಸಂಖ್ಯೆಯನ್ನು ತೋರಿಸುವ ಉಚಿತ ಆ್ಯಪ್‌ಗಳು ಹಲವು ಇವೆ. ವೈ-ಫೈ ಅನಲೈಜರ್ ಎಂದು ಹುಡುಕಿದರೆ ಸಿಗುತ್ತವೆ. ಐಫೋನಿನಲ್ಲಿ ಆ್ಯಪಲ್ ಕಂಪನಿಯದೇ ಏರ್‌ಪೋರ್ಟ್ ಯುಟಿಲಿಟಿ ಎಂಬ ಆ್ಯಪನ್ನು ಹಾಕಿಕೊಂಡು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅದರ ವೈ-ಫೈ ಸ್ಕ್ಯಾನರನ್ನು ಚಾಲೂ ಮಾಡಿದರೆ ಸಾಕು. ಮ್ಯಾಕ್ ಕಂಪ್ಯೂಟರಿನಲ್ಲಿ ಆಪ್ಷನ್ ಕೀಲಿಯನ್ನು ಒತ್ತಿ ಹಿಡಿದು ಮೇಲಿನ ವೈ-ಫೈ ಗುರುತನ್ನು ಕ್ಲಿಕ್ ಮಾಡಿದರೆ ಸಿಗ್ನಲಿನ ಜೊತೆಗೆ ಗದ್ದಲದ, ಅಂದರೆ ಅದಕ್ಕೆ ಅಡ್ಡಿಯಾಗುವ ಬೇಡದ ತರಂಗಗಳ, ಮಟ್ಟವೂ ಕಾಣುತ್ತದೆ. ವಿಂಡೋಸ್ ಇದನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. ಆ ಸಂಖ್ಯೆಯನ್ನು ಅರ್ಧ ಮಾಡಿ ಅದರಿಂದ ನೂರು ಕಳೆದರೆ ಡಿಬಿಎಂ ಸಿಗುತ್ತದೆ, ಅಂದರೆ ಶೇ. 66 ಎಂಬುದು −67ಕ್ಕೆ ಸಮ.

ಇನ್ನು ಒಂದು ಹಾಳೆಯ ಮೇಲೆ ಮನೆಯ ನಕ್ಷೆಯನ್ನು ಬಿಡಿಸಿಕೊಳ್ಳಿ. ಗೋಡೆ, ಬಾಗಿಲು, ದೊಡ್ಡ ಕಪಾಟು, ಕನ್ನಡಿ, ರೌಟರ್ ಇರುವ ಜಾಗ, ಕೇಬಲ್ ಮನೆಯೊಳಗೆ ಬರುವ ಜಾಗ ಇಷ್ಟನ್ನು ಗುರುತು ಮಾಡಿ. ಬಳಿಕ ಫೋನನ್ನು ನೀವು ಎಂದಿನಂತೆ ಹಿಡಿಯುವ ಎತ್ತರದಲ್ಲೇ ಹಿಡಿದು ಪ್ರತಿ ಕೋಣೆಗೂ ಹೋಗಿ, ಕುಳಿತುಕೊಳ್ಳುವ, ಮಲಗುವ, ಕೆಲಸ ಮಾಡುವ ಜಾಗಗಳಲ್ಲೇ ಅಳೆಯಿರಿ. ಒಂದೆಡೆ ಅರ್ಧ ನಿಮಿಷ ನಿಂತು, ನಾಲ್ಕೂ ದಿಕ್ಕಿಗೆ ತಿರುಗಿ ನೋಡಿ. ನಮ್ಮ ದೇಹದಲ್ಲಿ ನೀರಿನ ಅಂಶ ಹೆಚ್ಚಾಗಿರುವುದರಿಂದ, ರೌಟರಿಗೆ ಬೆನ್ನು ಮಾಡಿ ನಿಂತರೆ ಸಂಖ್ಯೆ ಕಣ್ಣೆದುರೇ ಇಳಿಯುವುದನ್ನು ಕಾಣುವಿರಿ. ನಾಲ್ಕರ ಸರಾಸರಿಯನ್ನು ನಕ್ಷೆಯ ಮೇಲೆ ಬರೆದುಕೊಳ್ಳಿ. ವೈ-ಫೈ ಬಳಸುವ ಆವರ್ತನದ ಪಟ್ಟಿಗಳಾದ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಬ್ಯಾಂಡ್‌ಗಳನ್ನು ಬೇರೆಬೇರೆಯಾಗಿ ಅಳೆಯುವುದು ಮುಖ್ಯ. ಅರ್ಧ ಗಂಟೆಯ ಈ ಕೆಲಸ ಮುಗಿಯುವಷ್ಟರಲ್ಲಿ, ಯಾವ ಗೋಡೆಯ ಆಚೆಗೆ ಸಿಗ್ನಲ್ ಕುಸಿಯುತ್ತಿದೆ ಎಂಬುದು ನಕ್ಷೆಯ ಮೇಲೆಯೇ ಎದ್ದು ಕಾಣುತ್ತದೆ.

ರೌಟರನ್ನು ಎಲ್ಲಿ ಇಡಬೇಕು

ಸಂಪರ್ಕ ಕೊಡಲು ಬಂದವರು ಕೇಬಲ್ ಒಳಬರುವ ಕಡೆಯಲ್ಲೇ ರೌಟರನ್ನು ಕೂರಿಸಿ ಹೋಗುತ್ತಾರೆ. ಆ ಜಾಗ ಸಾಮಾನ್ಯವಾಗಿ ಮನೆಯ ಒಂದು ತುದಿಯ ಹೊರಗೋಡೆ. ರೌಟರ್ ಸುತ್ತಲೂ ತರಂಗಗಳನ್ನು ಹರಡುವ ಸಾಧನವಾದ್ದರಿಂದ, ಹೊರಗೋಡೆಗೆ ಅಂಟಿಕೊಂಡ ರೌಟರಿನ ಸಿಗ್ನಲಿನಲ್ಲಿ ಅರ್ಧದಷ್ಟು ಮನೆಯ ಹೊರಗೆ ಹೋಗುತ್ತದೆ. ಅದನ್ನು ಮನೆಯ ನಡುಭಾಗಕ್ಕೆ, ಆಳೆತ್ತರದ ತೆರೆದ ಜಾಗಕ್ಕೆ ತರುವುದು ನಾನು ಎಲ್ಲರಿಗೂ ಮೊದಲು ಹೇಳುವ ಮಾತು. ನೆಲದ ಮೇಲೆ, ಟಿವಿಯ ಹಿಂದೆ, ಬಾಗಿಲು ಹಾಕಿದ ಕಪಾಟಿನೊಳಗೆ ಅದನ್ನು ಇಡಲೇಬಾರದು.

ತರಂಗಗಳಿಗೆ ಎಲ್ಲ ಗೋಡೆಗಳೂ ಒಂದೇ ಅಲ್ಲ. ಮರದ ಬಾಗಿಲು, ಜಿಪ್ಸಂ ಹಲಗೆಯ ತಡೆ ಇವು ಹೆಚ್ಚು ಅಡ್ಡಿಯಾಗವು. ಇಟ್ಟಿಗೆಯ ಗೋಡೆ ಸಾಕಷ್ಟು ಹೀರಿಕೊಳ್ಳುತ್ತದೆ. ಒಳಗೆ ಉಕ್ಕಿನ ಸರಳುಗಳಿರುವ ಕಾಂಕ್ರೀಟ್ ಗೋಡೆ ಮತ್ತು ತಾರಸಿಗಳು ಇನ್ನೂ ಹೆಚ್ಚು ತಡೆಯುತ್ತವೆ. ಲೋಹ ತರಂಗವನ್ನು ಒಳಬಿಡದೆ ಮರಳಿಸುತ್ತದೆ. ಉಕ್ಕಿನ ಕಪಾಟು, ಫ್ರಿಜ್ ಇವು ಮಾತ್ರವಲ್ಲ, ಹಿಂಬದಿಗೆ ಲೋಹದ ಲೇಪವಿರುವ ದೊಡ್ಡ ಕನ್ನಡಿ, ಬಿಸಿಲಿನ ತಾಪ ತಡೆಯಲು ತೆಳುವಾದ ಲೋಹದ ಪದರ ಹಚ್ಚಿದ ಕಿಟಕಿ ಗಾಜು, ಹಾಳೆಯಂಥ ಲೋಹದ ಪದರವಿರುವ ಶಾಖನಿರೋಧಕ ಹೊದಿಕೆ ಕೂಡ ಇದೇ ಸಾಲಿಗೆ ಸೇರುತ್ತವೆ. ಮೀನಿನ ತೊಟ್ಟಿಯಂಥ ನೀರಿನ ರಾಶಿ ತರಂಗವನ್ನು ಹೀರಿಕೊಳ್ಳುತ್ತದೆ.

ಇಲ್ಲಿ ಹಲವರು ಗಮನಿಸದ ಸಂಗತಿಯೊಂದಿದೆ. ತರಂಗ ಗೋಡೆಯನ್ನು ನೇರವಾಗಿ ದಾಟುವುದಕ್ಕೂ ಓರೆಯಾಗಿ ದಾಟುವುದಕ್ಕೂ ಬಹಳ ವ್ಯತ್ಯಾಸವಿದೆ. 45 ಡಿಗ್ರಿ ಓರೆಯಲ್ಲಿ ಅದು ಗೋಡೆಯ ದಪ್ಪದ ಸುಮಾರು 1.4 ಪಟ್ಟು ದೂರವನ್ನು ಗೋಡೆಯೊಳಗೇ ಸಾಗಬೇಕು. 60 ಡಿಗ್ರಿಯಾದರೆ ಎರಡು ಪಟ್ಟು. ಆದ್ದರಿಂದ ನಿಮ್ಮ ನಕ್ಷೆಯ ಮೇಲೆ ರೌಟರಿನಿಂದ ದುರ್ಬಲ ಜಾಗಕ್ಕೆ ಅಳತೆಪಟ್ಟಿಯಿಂದ ಒಂದು ಗೆರೆ ಎಳೆದು, ಅದು ಎಷ್ಟು ಗೋಡೆಗಳನ್ನು, ಎಷ್ಟು ಓರೆಯಾಗಿ ದಾಟುತ್ತದೆ, ನಡುವೆ ಯಾವ ಕಪಾಟು ಸಿಗುತ್ತದೆ ಎಂದು ನೋಡಿ. ರೌಟರನ್ನು ಒಂದೆರಡು ಮೀಟರ್ ಸರಿಸಿದರೆ ಗೆರೆ ಗೋಡೆಯ ಬದಲು ಬಾಗಿಲಿನ ಮೂಲಕ ಹಾಯುವಂತಾಗಬಹುದು.

ನನ್ನ ಓದುವ ಮೇಜಿನ ಮೇಲೆ ಬಹಳ ಕಾಲ −78 ಇತ್ತು. ರೌಟರ್ ಇದ್ದದ್ದು ಕೇವಲ ಎರಡು ಕೋಣೆಗಳ ಆಚೆ, ಒಂದು ಗಿಡ್ಡ ಮೇಜಿನ ಮೇಲೆ. ಗೆರೆ ಎಳೆದು ನೋಡಿದಾಗ ಅದು ಪಕ್ಕದಲ್ಲೇ ನಿಂತಿದ್ದ ಉಕ್ಕಿನ ಕಪಾಟಿನ ನಡುವಿನಿಂದ ಹಾಯುತ್ತಿತ್ತು. ರೌಟರನ್ನು ಒಂದೂವರೆ ಮೀಟರ್ ಪಕ್ಕಕ್ಕೆ ಸರಿಸಿ, ಗೋಡೆಗೆ ಎರಡು ಮೊಳೆ ಹೊಡೆದು ತಲೆಯೆತ್ತರಕ್ಕೆ ನೇತುಹಾಕಿದೆ. ಮೇಜಿನ ಬಳಿ ಬಂದು ನೋಡಿದರೆ −66. ಹನ್ನೆರಡು ಡೆಸಿಬಲ್ ಎಂದರೆ ಸುಮಾರು 16 ಪಟ್ಟು ಹೆಚ್ಚು ಶಕ್ತಿ. ಅಷ್ಟು ಸಿಕ್ಕಿದ್ದು ಎರಡು ಮೊಳೆಗಳಿಂದ. ಅಂದಿನಿಂದ ಯಾರು ಕೇಳಿದರೂ ಹೊಸ ಸಾಧನದ ಮಾತಿಗೆ ಮುಂಚೆ ನಕ್ಷೆ ತೋರಿಸಿ ಎನ್ನುತ್ತೇನೆ.

ಫೈಬರ್ ಸಂಪರ್ಕವಿರುವ ಮನೆಗಳಲ್ಲಿ ಬೆಳಕಿನ ತಂತಿ ಬಂದು ಸೇರುವ ಪೆಟ್ಟಿಗೆಯನ್ನು ಕದಲಿಸುವುದು ಕಷ್ಟ, ಆ ತಂತಿಯನ್ನು ನಾವೇ ಎಳೆದಾಡಲೂಬಾರದು. ಆದರೆ ಆ ಪೆಟ್ಟಿಗೆ ಮತ್ತು ರೌಟರ್ ಬೇರೆಬೇರೆಯಾಗಿದ್ದರೆ, ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟು ಉದ್ದನೆಯ ಎತರ್‌ನೆಟ್ ಕೇಬಲಿನಿಂದ ರೌಟರನ್ನು ಮಾತ್ರ ಮನೆಯ ನಡುವಿಗೆ ತರಬಹುದು. ಎರಡೂ ಒಂದರಲ್ಲೇ ಅಡಕವಾಗಿದ್ದರೆ, ಅದರ ವೈ-ಫೈಯನ್ನು ಬಂದ್ ಮಾಡಿ, ನಡುಭಾಗದಲ್ಲಿ ಬೇರೊಂದು ಆಕ್ಸೆಸ್ ಪಾಯಿಂಟನ್ನು (ತಂತಿಯಲ್ಲಿ ಬಂದ ಸಂಪರ್ಕವನ್ನು ವೈ-ಫೈಯಾಗಿ ಹರಡುವ ಪೆಟ್ಟಿಗೆಯನ್ನು) ಕೇಬಲಿನಿಂದ ಜೋಡಿಸುವುದು ದಾರಿ; ಅದರ ವಿವರ ಮುಂದೆ ಬರುತ್ತದೆ.

ಹೊರಗೆ ಚಾಚಿದ ಕಡ್ಡಿಯಂಥ ಆಂಟೆನಾಗಳಿದ್ದರೆ, ಕಡ್ಡಿಯ ತುದಿ ಯಾವ ಕಡೆಗೆ ಇದೆಯೋ ಆ ಕಡೆಗೆ ಸಿಗ್ನಲ್ ತೀರ ಕಡಿಮೆ, ಕಡ್ಡಿಯ ಸುತ್ತಲೂ ಹೆಚ್ಚು ಎಂಬುದನ್ನು ತಿಳಿದಿರಬೇಕು. ದೂರದ ಕೋಣೆಯ ಕಡೆಗೆ ಆಂಟೆನಾವನ್ನು ಗುರಿಯಿಟ್ಟಂತೆ ಬಾಗಿಸುವುದು ಹಾಗಾಗಿ ತಪ್ಪು. ಒಂದೇ ಮಹಡಿಯ ಮನೆಯಲ್ಲಿ ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿ. ಮೇಲಿನ ಮಹಡಿಗೂ ತಲುಪಬೇಕಿದ್ದರೆ ಒಂದನ್ನು ಅಡ್ಡಲಾಗಿ ಮಲಗಿಸಿ.

ಬ್ಯಾಂಡ್ ಮತ್ತು ಚಾನೆಲ್

2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರ್; 5 ಗಿಗಾಹರ್ಟ್ಸ್ ಬ್ಯಾಂಡಿನದು ಅದರ ಅರ್ಧಕ್ಕಿಂತಲೂ ಕಡಿಮೆ. ಮೊದಲನೆಯದು ಗೋಡೆಗಳನ್ನು ದಾಟಿ ಹೆಚ್ಚು ದೂರ ಹೋಗುತ್ತದೆ, ಆದರೆ ನೆರೆಮನೆಗಳ ತರಂಗಗಳೂ ಅಷ್ಟೇ ಸಲೀಸಾಗಿ ನಮ್ಮಲ್ಲಿಗೆ ಬರುತ್ತವೆ. ಎರಡನೆಯದು ಬೇಗ ಸೊರಗಿದರೂ ವೇಗ ಹೆಚ್ಚು, ಗದ್ದಲ ಕಡಿಮೆ. ವೈ-ಫೈ 6ಇ ಮತ್ತು ವೈ-ಫೈ 7 ಸಾಧನಗಳು ಬಳಸುವ 6 ಗಿಗಾಹರ್ಟ್ಸ್ ಇನ್ನೂ ಬೇಗ ಸೊರಗುವುದರಿಂದ, ಅದನ್ನು ಒಂದು ಕೋಣೆಯೊಳಗಿನ ವೇಗದ ದಾರಿ ಎಂದು ತಿಳಿಯಬೇಕೇ ಹೊರತು ಇಡೀ ಮನೆಗೆ ಹರಡುವ ಉಪಾಯ ಎಂದಲ್ಲ.

ಪ್ರತಿ ಬ್ಯಾಂಡನ್ನೂ ಚಾನೆಲ್ ಎಂಬ ಚಿಕ್ಕ ಪಾಲುಗಳಾಗಿ ಮಾಡಿರುತ್ತಾರೆ. 2.4 ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರೇ. ನೆರೆಹೊರೆಯವರೆಲ್ಲ 1 ಮತ್ತು 6ರಲ್ಲಿದ್ದಾರೆಂದು ಜಾಣತನದಿಂದ 3 ಅಥವಾ 4ನ್ನು ಆರಿಸಿಕೊಳ್ಳುವವರಿದ್ದಾರೆ. ಇದರಿಂದ ಇಬ್ಬರಿಗೂ ನಷ್ಟ. ಒಂದೇ ಚಾನೆಲಿನಲ್ಲಿರುವ ರೌಟರ್‌ಗಳು ಒಂದರ ಮಾತನ್ನು ಇನ್ನೊಂದು ಕೇಳಿಸಿಕೊಂಡು ಸರದಿಯಂತೆ ಮಾತಾಡುತ್ತವೆ. ಅರ್ಧಂಬರ್ಧ ಮೇಲೆ ಬಿದ್ದ ಚಾನೆಲ್‌ಗಳಲ್ಲಿ ಅದು ಬರಿಯ ಗದ್ದಲವಾಗಿ ಕೇಳುತ್ತದೆ, ಸರದಿ ಸಾಧ್ಯವಾಗುವುದಿಲ್ಲ. ಅನಲೈಜರ್ ಆ್ಯಪಿನಲ್ಲಿ ಈ ಮೂರರ ಪೈಕಿ ಯಾವುದರಲ್ಲಿ ಬಲವಾದ ಜಾಲಗಳು ಕಡಿಮೆ ಎಂದು ನೋಡಿ ಅದನ್ನು ಆರಿಸಿ, ಚಾನೆಲಿನ ಅಗಲವನ್ನು 20 ಮೆಗಾಹರ್ಟ್ಸಿಗೆ ಇಳಿಸಿ. 5 ಬ್ಯಾಂಡಿನಲ್ಲಿ ಅಗಲ 80 ಇರಲಿ, ಅಕ್ಕಪಕ್ಕ ದಟ್ಟವಾಗಿ ಮನೆಗಳಿದ್ದರೆ 40 ಸಾಕು. ಅಗಲವನ್ನು ಎರಡು ಪಟ್ಟು ಮಾಡಿದಾಗಲೆಲ್ಲ ಒಳಬರುವ ಗದ್ದಲವೂ 3 ಡೆಸಿಬಲ್ ಹೆಚ್ಚುತ್ತದೆ. ಹತ್ತಿರದಲ್ಲಿ ವೇಗ ಕೊಡುವ 160ರ ಅಗಲ ದೂರದ ಕೋಣೆಯನ್ನು ಬಡವಾಗಿಸುತ್ತದೆ. 5 ಬ್ಯಾಂಡಿನ 52ರಿಂದ 144ರವರೆಗಿನ ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುವುದರಿಂದ, ರೇಡಾರಿನ ಸುಳಿವು ಸಿಕ್ಕೊಡನೆ ರೌಟರ್ ಬೇರೆ ಚಾನೆಲಿಗೆ ಹೋಗಲೇಬೇಕು. ಕಾರಣವಿಲ್ಲದೆ ಆಗೊಮ್ಮೆ ಈಗೊಮ್ಮೆ ಸಂಪರ್ಕ ಕಡಿದುಹೋಗುತ್ತಿದ್ದರೆ ಇದನ್ನೂ ಅನುಮಾನಿಸಿ.

ರೌಟರಿನ ಪ್ರಸಾರ ಶಕ್ತಿಯನ್ನು ಏರಿಸಿದರೆ ಆಯಿತಲ್ಲ ಎಂದು ಕೇಳುವವರಿಗೆ ಒಂದು ಮಾತು. ವೈ-ಫೈ ಎಂಬುದು ಎರಡೂ ಕಡೆಯ ಮಾತುಕತೆ. ರೌಟರ್ ಜೋರಾಗಿ ಕೂಗಿದರೆ ದೂರದ ಫೋನಿಗೆ ಕೇಳಿಸಬಹುದು, ಆದರೆ ಚಿಕ್ಕ ಬ್ಯಾಟರಿಯ ಫೋನ್ ಅಷ್ಟು ಜೋರಾಗಿ ಮರುಮಾತು ಕೊಡಲಾರದು. ಪರದೆಯ ಮೇಲೆ ಗೀಟುಗಳು ತುಂಬಿರುತ್ತವೆ, ಪುಟ ಮಾತ್ರ ತೆರೆಯುವುದಿಲ್ಲ.

ಅಡುಗೆಮನೆಯ ಮೈಕ್ರೋವೇವ್ ಒಲೆ 2.45 ಗಿಗಾಹರ್ಟ್ಸಿನ ಸುತ್ತ ಕೆಲಸ ಮಾಡುವುದರಿಂದ ಅದು ಉರಿಯುವಷ್ಟು ಹೊತ್ತು 2.4 ಬ್ಯಾಂಡ್ ಕಂಗೆಡುತ್ತದೆ. ಹತ್ತಿರದಲ್ಲಿ ಕೆಲಸ ಮಾಡುವವರು 5ಕ್ಕೆ ಹೋಗಬೇಕು. ಯುಎಸ್‌ಬಿ 3 ಸಾಧನಗಳೂ ಅವುಗಳ ಕೇಬಲ್‌ಗಳೂ ಇದೇ ಬ್ಯಾಂಡಿನಲ್ಲಿ ಗದ್ದಲ ಹೊರಸೂಸುತ್ತವೆ, ಆದ್ದರಿಂದ ರೌಟರಿಗೇ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದರೆ ಒಮ್ಮೆ ತೆಗೆದು ಅಳೆದು ನೋಡಿ.

ಇನ್ನೊಂದು ಸಾಧನ ಬೇಕೇ ಬೇಕಾದಾಗ

ಮನೆ ದೊಡ್ಡದಿದ್ದರೆ, ಮಹಡಿಗಳಿದ್ದರೆ, ಗೋಡೆಗಳು ದಪ್ಪವಿದ್ದರೆ ಒಂದೇ ರೌಟರ್ ಎಲ್ಲಿಟ್ಟರೂ ಸಾಲದು. ಆಗ ನಿಮ್ಮ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ, ಮತ್ತು ಅವುಗಳ ಯೋಗ್ಯತೆಯಲ್ಲಿ ಬಹಳ ಅಂತರವಿದೆ.

ಎಲ್ಲಕ್ಕಿಂತ ಸುಲಭವಾದುದು ಪ್ಲಗ್ಗಿಗೆ ಸಿಕ್ಕಿಸುವ ರಿಪೀಟರ್. ಅದು ರೌಟರಿನ ಮಾತನ್ನು ಕೇಳಿಸಿಕೊಂಡು ಅದೇ ಚಾನೆಲಿನಲ್ಲಿ ಮತ್ತೆ ಹೇಳುತ್ತದೆ. ಪ್ರತಿ ಮಾತೂ ಗಾಳಿಯಲ್ಲಿ ಎರಡು ಸಲ ಸಾಗುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಮೂಲೆಯಲ್ಲಿರುವ ಒಂದು ಸ್ಮಾರ್ಟ್ ಪ್ಲಗ್ಗಿಗೋ ಕರೆಗಂಟೆಗೋ ಇದು ಸಾಕು. ದಿನವಿಡೀ ಕೆಲಸ ಮಾಡುವ ಕೋಣೆಗೆ ನಾನು ಇದನ್ನು ಹೇಳುವುದಿಲ್ಲ.

ಮೆಶ್ ಎಂಬುದು ಎರಡು ಮೂರು ಪೆಟ್ಟಿಗೆಗಳು ಒಂದೇ ಹೆಸರಿನಲ್ಲಿ, ಒಂದೇ ಹತೋಟಿಯಲ್ಲಿ ನಡೆಯುವ ವ್ಯವಸ್ಥೆ. ಪೆಟ್ಟಿಗೆಗಳು ತಮ್ಮತಮ್ಮಲ್ಲಿ ಮಾತಾಡಲು ಬೇರೆಯೇ ಬ್ಯಾಂಡನ್ನು ಮೀಸಲಿಟ್ಟ ಟ್ರೈ-ಬ್ಯಾಂಡ್ ಮೆಶ್ ರಿಪೀಟರಿಗಿಂತ ಎಷ್ಟೋ ಮೇಲು. ಆದರೆ ಅದನ್ನು ಇಡುವಾಗ ಒಂದು ತಪ್ಪು ಪದೇಪದೇ ಆಗುತ್ತದೆ: ಎಲ್ಲಿ ಸಿಗ್ನಲ್ ಇಲ್ಲವೋ ಅಲ್ಲಿಯೇ ಎರಡನೆಯ ಪೆಟ್ಟಿಗೆಯನ್ನು ಇಡುವುದು. ಅಲ್ಲಿ ಅದಕ್ಕೇ ಏನೂ ಕೇಳಿಸದಿದ್ದರೆ ಅದು ಇನ್ನೊಬ್ಬರಿಗೆ ಏನು ಹೇಳೀತು? ಅದನ್ನು ಇಡಬೇಕಾದದ್ದು ದಾರಿಯ ನಡುವೆ, 5 ಗಿಗಾಹರ್ಟ್ಸ್ ಅಳತೆ ಇನ್ನೂ −60ರಿಂದ −65ರ ಒಳಗೆ ಇರುವ ಕಡೆ. ನೀವು ಬಿಡಿಸಿದ ನಕ್ಷೆ ಆ ಜಾಗವನ್ನು ಬೆರಳಿಟ್ಟು ತೋರಿಸುತ್ತದೆ. ಒಂದರ ಹಿಂದೆ ಒಂದರಂತೆ ಸರಪಳಿ ಬೆಳೆಸದೆ, ಎಲ್ಲ ಪೆಟ್ಟಿಗೆಗಳೂ ಮೊದಲನೆಯದರೊಡನೆ ನೇರವಾಗಿ ಮಾತಾಡುವಂತೆ ಇಡುವುದು ಉತ್ತಮ.

ಮೂರನೆಯದು, ನಾನು ಮನಸಾರೆ ಮೆಚ್ಚುವುದು, ಕೇಬಲ್ ಎಳೆದು ದೂರದ ಕೋಣೆಯಲ್ಲಿ ಆಕ್ಸೆಸ್ ಪಾಯಿಂಟ್ ಇಡುವುದು. ಕ್ಯಾಟ್ 5ಇ ಬಗೆಯ ಎತರ್‌ನೆಟ್ ಕೇಬಲ್ 100 ಮೀಟರ್‌ವರೆಗೂ ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುತ್ತದೆ. ಯಾವ ಕಾಂಕ್ರೀಟ್ ಗೋಡೆಯೂ ಅದನ್ನು ತಡೆಯಲಾರದು, ಯಾವ ನೆರೆಮನೆಯ ಜಾಲವೂ ಅದರೊಳಗೆ ನುಗ್ಗಲಾರದು. ಹೊಸದಾಗಿ ಎಳೆಯುವುದಾದರೆ ಕ್ಯಾಟ್ 6 ಹಾಕಿಸಿ, ಮತ್ತು ಒಳಗೆ ಅಪ್ಪಟ ತಾಮ್ರವೇ ಇದೆಯೆಂದು ಖಚಿತಪಡಿಸಿಕೊಳ್ಳಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಮುಂದೆ ಕಾಟ ಕೊಡುತ್ತದೆ.

ಇದಕ್ಕೆ ಹೊಸ ಸಾಧನವೂ ಬೇಕಾಗದಿರಬಹುದು. ಮೂಲೆಗುಂಪಾದ ಹಳೆಯ ರೌಟರ್ ಇದ್ದರೆ ಅದನ್ನೇ ಬಳಸಬಹುದು. ಅದರ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಆಯ್ಕೆ ಇದ್ದರೆ ಅದನ್ನು ಆರಿಸಿದರೆ ಮುಗಿಯಿತು. ಇಲ್ಲದಿದ್ದರೆ ಮೊದಲು ಅದಕ್ಕೆ ಮುಖ್ಯ ರೌಟರಿನ ಸರಣಿಯಲ್ಲೇ ಬೇರೊಂದು ವಿಳಾಸ ಕೊಡಿ: ಮುಖ್ಯ ರೌಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2, ಮತ್ತು ಆ ವಿಳಾಸವನ್ನು ಮುಖ್ಯ ರೌಟರ್ ಬೇರೆ ಯಾವ ಸಾಧನಕ್ಕೂ ಹಂಚದಂತೆ ನೋಡಿಕೊಳ್ಳಿ. ಬಳಿಕ ಹಳೆಯದರ ಡಿಎಚ್‌ಸಿಪಿಯನ್ನು, ಅಂದರೆ ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆಯನ್ನು, ಬಂದ್ ಮಾಡಿ, ಏಕೆಂದರೆ ಒಂದು ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರಿದ್ದರೆ ಗೊಂದಲ ತಪ್ಪದು. ಕೊನೆಗೆ ಮುಖ್ಯ ರೌಟರಿನಿಂದ ಬಂದ ಕೇಬಲನ್ನು ಹಳೆಯದರ ವ್ಯಾನ್ (ಹೊರಗಿನ ಸಂಪರ್ಕದ) ಪೋರ್ಟಿಗಲ್ಲ, ಲ್ಯಾನ್ (ಮನೆಯೊಳಗಿನ ಸಾಧನಗಳ) ಪೋರ್ಟಿಗೆ ಸಿಕ್ಕಿಸಿ. ತಯಾರಕರು ಭದ್ರತೆಯ ಪರಿಷ್ಕರಣೆಗಳನ್ನು ನಿಲ್ಲಿಸಿಬಿಟ್ಟಿರುವ ತೀರ ಹಳೆಯ ಸಾಧನವನ್ನು ಮಾತ್ರ ಬಳಸಬೇಡಿ.

ಎರಡಕ್ಕೂ ಜಾಲದ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರೂ ಒಂದೇ ಇರಲಿ. ಚಾನೆಲ್ ಮಾತ್ರ ಬೇರೆ ಇರಲಿ. ಹೀಗೆ ಮಾಡಿದರೆ ಫೋನ್ ಒಂದರಿಂದ ಇನ್ನೊಂದಕ್ಕೆ ತಾನಾಗಿ ದಾಟುತ್ತದೆ. ಆದರೆ ಯಾವಾಗ ದಾಟಬೇಕೆಂದು ತೀರ್ಮಾನಿಸುವುದು ಫೋನೇ ಹೊರತು ರೌಟರಲ್ಲ. ಹಲವು ಫೋನುಗಳು ಹಳೆಯ ಸಂಪರ್ಕವನ್ನು −75ರವರೆಗೂ ಬಿಡದೆ ಹಿಡಿದುಕೊಂಡಿರುತ್ತವೆ. ಇದಕ್ಕೆ ಮದ್ದು, ವಿಚಿತ್ರವೆನಿಸಿದರೂ, ಎರಡೂ ಸಾಧನಗಳ ಪ್ರಸಾರ ಶಕ್ತಿಯನ್ನು, ಅದರಲ್ಲೂ 2.4 ಬ್ಯಾಂಡಿನದನ್ನು, ಇಳಿಸುವುದು. ಹಿಂದಿನದು ಬೇಗ ಕ್ಷೀಣಿಸಿದಂತೆ ಕಂಡರೆ ಫೋನ್ ಬೇಗ ಮುಂದಿನದನ್ನು ಹುಡುಕುತ್ತದೆ. ಹೀಗೆ ದಾಟಲು ಫೋನಿಗೆ ನೆರವಾಗುವ 802.11ಕೆ, ವಿ, ಆರ್ ಎಂಬ ಸೌಲಭ್ಯಗಳು ಎರಡರಲ್ಲೂ ಇದ್ದರೆ ಚಾಲೂ ಮಾಡಿ ನೋಡಿ, ಆದರೆ ಕೆಲವು ಹಳೆಯ ಸಾಧನಗಳು ಆರ್ ಚಾಲೂ ಇದ್ದಾಗ ಸೇರಿಕೊಳ್ಳಲು ತಕರಾರು ಮಾಡುತ್ತವೆ.

ಕೇಬಲ್ ಎಳೆಯಲು ಆಗದ ಮನೆಗಳಲ್ಲಿ, ಟಿವಿಗೆಂದು ಗೋಡೆಯೊಳಗೆ ಮೊದಲೇ ಹಾಕಿಸಿದ ಕೋಆ್ಯಕ್ಸಿಯಲ್ ತಂತಿ ಇದ್ದರೆ ಆ ತಂತಿಯಲ್ಲಿ ದತ್ತಾಂಶ ಸಾಗಿಸುವ ಮೋಕಾ ಅಡಾಪ್ಟರ್‌ಗಳ ಮೂಲಕ ಅದನ್ನೇ ಬಳಸಿಕೊಳ್ಳಬಹುದು. ವಿದ್ಯುತ್ ತಂತಿಯ ಮೂಲಕ ದತ್ತಾಂಶ ಸಾಗಿಸುವ ಪವರ್‌ಲೈನ್ ಅಡಾಪ್ಟರ್‌ಗಳೂ ಇವೆ, ಆದರೆ ಅವುಗಳ ವೇಗ ಮನೆಯ ವೈರಿಂಗನ್ನು ಅವಲಂಬಿಸಿರುತ್ತದೆ. ಎರಡು ಪ್ಲಗ್ಗುಗಳು ಬೇರೆಬೇರೆ ಫೇಸಿನಲ್ಲಿದ್ದರೆ ಕೆಲಸವೇ ಆಗದಿರಬಹುದು, ಸರ್ಜ್ ತಡೆಯುವ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೂ ಹಾಗೆಯೇ. ಮರಳಿಸಲು ಅವಕಾಶವಿದ್ದರೆ ಮಾತ್ರ ಕೊಳ್ಳಿ.

ಕೇಬಲ್ ಬಂದ ಮೇಲೆ ಟಿವಿ, ಮೇಜಿನ ಕಂಪ್ಯೂಟರ್, ಆಟದ ಕನ್ಸೋಲ್ ಹೀಗೆ ಕದಲದೆ ಕುಳಿತಿರುವ ಸಾಧನಗಳನ್ನೆಲ್ಲ ತಂತಿಗೆ ವರ್ಗಾಯಿಸಿ. ಒಂದು ಚಾನೆಲಿನಲ್ಲಿ ಒಂದು ಕ್ಷಣಕ್ಕೆ ಸಾಮಾನ್ಯವಾಗಿ ಒಬ್ಬರಿಗೇ ಮಾತಾಡುವ ಸರದಿ ಸಿಗುವುದರಿಂದ, ದೂರದಿಂದ ನಿಧಾನವಾಗಿ ಮಾತಾಡುವ ಒಂದು ಟಿವಿ ಎಲ್ಲರ ಸಮಯವನ್ನೂ ತಿನ್ನುತ್ತದೆ. ಅದು ತಂತಿಗೆ ಹೋದರೆ ಉಳಿದವರೆಲ್ಲರಿಗೂ ಗಾಳಿ ತೆರವಾಗುತ್ತದೆ.

ಎಲ್ಲ ಮುಗಿದ ಮೇಲೆ ಅದೇ ನಕ್ಷೆ ಹಿಡಿದು, ಅವೇ ಜಾಗಗಳಲ್ಲಿ, ಬೇರೆ ಬಣ್ಣದ ಪೆನ್ನಿನಿಂದ ಮತ್ತೆ ಅಳೆದು ಬರೆಯಿರಿ. ಮೊದಲ ಸಲ ಹಗಲಲ್ಲಿ ಬಾಗಿಲು ತೆರೆದು ಅಳೆದಿದ್ದರೆ, ಈ ಸಲ ರಾತ್ರಿ ಎಲ್ಲರೂ ಮನೆಯಲ್ಲಿರುವಾಗ, ಬಾಗಿಲು ಮುಚ್ಚಿ ಇನ್ನೊಮ್ಮೆ ಅಳೆಯಿರಿ. ನೆರೆಮನೆಗಳ ಜಾಲಗಳೆಲ್ಲ ತುಂಬಿ ಹರಿಯುವ ಹೊತ್ತು ಅದೇ. ನಿಜಕ್ಕೂ ಬಳಸುವ ಜಾಗಗಳಲ್ಲಿ −67ಕ್ಕಿಂತ ಮೇಲೆ ಇದ್ದರೆ ಅಲ್ಲಿಗೆ ನಿಲ್ಲಿಸಿ. ಆರಿಸಿಕೊಂಡ ಚಾನೆಲ್, ಅಗಲ, ಎರಡನೆಯ ಪೆಟ್ಟಿಗೆಯ ವಿಳಾಸ ಇಷ್ಟನ್ನೂ ಆ ಹಾಳೆಯ ಕೆಳಗೆ ಬರೆದು ರೌಟರಿನ ಹತ್ತಿರವೇ ಅಂಟಿಸಿಡಿ. ಮುಂದೊಂದು ದಿನ ಯಾರಾದರೂ ರೀಸೆಟ್ ಗುಂಡಿ ಒತ್ತಿದರೆ ಎಲ್ಲವನ್ನೂ ಮೊದಲಿನಿಂದ ಹುಡುಕಬೇಕಾಗುವುದಿಲ್ಲ.